ನಾಟಕದ ಅರಸನೂ ಚರಿತ್ರೆಯ ಪ್ರಜೆಯೂ: ‘ಐದನೆಯ ಹೆನ್ರಿ’ಯ ಅಧ್ಯಯನಕ್ಕೊಂದು ಪೀಠಿಕೆ

ಐತಿಹಾಸಿಕ ನಾಟಕವನ್ನು ಸಾಹಿತ್ಯದ ವಿದ್ಯಾರ್ಥಿಯು ರಸದೃಷ್ಟಿಯಿಂದಲೂ ಚರಿತ್ರೆಯ ವಿದ್ಯಾರ್ಥಿಯು ಪ್ರಮಾಣದೃಷ್ಟಿಯಿಂದಲೂ ನೋಡುವುದು ವಾಡಿಕೆ. ಈ ಎರಡು ದೃಷ್ಟಿಗಳು ಸಂಧಿಸುವ ಸ್ಥಾನವೊಂದುಂಟು: ಆಕರದಲ್ಲಿದ್ದು ನಾಟಕದಲ್ಲಿ ಬಿಟ್ಟುಹೋದ ಸಂಗತಿ. 1599ರ ಸುಮಾರಿನಲ್ಲಿ ರಚಿತವಾದ ಷೇಕ್ಸ್‌ಪಿಯರನ ‘ಐದನೆಯ ಹೆನ್ರಿ’ಯನ್ನು ಈ ದೃಷ್ಟಿಯಿಂದ ಪರಿಶೀಲಿಸಿ, ನೇತ್ರಾವತಿಯ ದಡದ ಫರಂಗಿಪೇಟೆಯ ಚರಿತ್ರೆಯೊಡನೆ ಹೋಲಿಸುವುದು ನಮ್ಮ ಉದ್ದೇಶ.

ಹೆನ್ರಿಯು 1415ರ ಆಗಸ್ಟಿನಲ್ಲಿ ಫ್ರಾನ್ಸಿನ ಹಾರ್ಫ್ಲರ್ ನಗರವನ್ನು ಮುತ್ತಿದನು. ಸೆಪ್ಟೆಂಬರ್ 22ರಂದು ಅದು ಶರಣಾಯಿತು. ನಾಟಕದಲ್ಲಿ ಅರಸನು ಮೊದಲು ಊರವರಿಗೆ ಘೋರವಾದ ಬೆದರಿಕೆಯನ್ನೊಡ್ಡಿ, ಬಾಗಿಲು ತೆರೆದೊಡನೆ ಎಲ್ಲರಿಗೂ ದಯೆ ತೋರಬೇಕೆಂದು ಅಪ್ಪಣೆ ಮಾಡುತ್ತಾನೆ. ಕವಿಗೆ ಆಕರವಾಗಿದ್ದ ಹಾಲಿನ್‌ಷೆಡ್ಡನ ವೃತ್ತಾಂತದಲ್ಲಾದರೋ ಊರಿನ ಸುಲಿಗೆಯೂ, ಮನೆಮಾರು ಕಳೆದುಕೊಂಡು ಮಕ್ಕಳುಮರಿಗಳೊಡನೆ ಊರಬಾಗಿಲು ದಾಟಿದವರ ಸಂಕಟವೂ, ಅವರ ಸ್ಥಾನದಲ್ಲಿ ಆಂಗ್ಲರನ್ನು ನೆಲೆಗೊಳಿಸಿದುದೂ ಉಕ್ತವಾಗಿವೆ. ಆದರ್ಶ ರಾಜನ ಚಿತ್ರಕ್ಕೆ ಇವು ಒಗ್ಗಲಿಲ್ಲವೆಂದೇ ನಾವು ಭಾವಿಸುತ್ತೇವೆ.

ಹಾಗೆಂದು ನಾಟಕವು ಬರಿಯ ರಾಜಸ್ತುತಿಯಲ್ಲ. ಅಜಿಂಕೂರ್ ಕದನದ ಹಿಂದಿನ ರಾತ್ರಿ ಅರಸನು ವೇಷ ಮರೆಸಿಕೊಂಡು ಸೈನಿಕರ ನಡುವೆ ಬರುತ್ತಾನೆ. ಯುದ್ಧದ ಕಾರಣವು ನ್ಯಾಯವಾದುದಲ್ಲದಿದ್ದರೆ ಸತ್ತವರೆಲ್ಲರ ಲೆಕ್ಕವನ್ನು ಅರಸನೇ ಒಪ್ಪಿಸಬೇಕಾದೀತೆಂದು ವಿಲಿಯಮ್ಸ್ ಎಂಬ ಸೈನಿಕನು ವಾದಿಸುತ್ತಾನೆ. ಪ್ರತಿಯೊಬ್ಬನ ಪಾಪಪುಣ್ಯವೂ ಅವನವನದೇ ಎಂದು ಹೆನ್ರಿಯು ಸಮಾಧಾನ ಹೇಳುತ್ತಾನೆ; ಕಾರಣವು ನ್ಯಾಯವೇ ಎಂಬ ಮೂಲಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮರುದಿನ ಮಡಿದ ಆಂಗ್ಲರ ಪಟ್ಟಿಯನ್ನು ಓದುವಾಗ ಕೇಳಿಬರುವುದು ನಾಲ್ಕೇ ಹೆಸರು. ಮಿಕ್ಕವರು ಇಪ್ಪತ್ತೈದು ಎಂಬ ಸಂಖ್ಯೆ ಮಾತ್ರ.

ಇನ್ನು ನಮ್ಮ ನೆಲಕ್ಕೆ ಬರೋಣ. ‘ಫರಂಗಿ’ ಎಂಬ ಶಬ್ದದ ಮೂಲ ‘ಫ್ರಾಂಕ್’. ಫ್ರಾನ್ಸಿಗೆ ಹೆಸರು ಕೊಟ್ಟ ಜನಾಂಗದ ಹೆಸರೇ ಪಾರಸಿಯ ಮೂಲಕ ಬಂದು ಯೂರೋಪಿಯನರಿಗೆಲ್ಲ ಅನ್ವಯಿಸಿ, ಮಂಗಳೂರು-ಬಂಟ್ವಾಳಗಳ ನಡುವಣ ಈ ಕ್ರೈಸ್ತ ನೆಲೆಗೂ ಅಂಟಿತು. 1783ರ ಮೇ ತಿಂಗಳಿನಲ್ಲಿ ಟಿಪ್ಪು ಸುಲ್ತಾನನು ಆಂಗ್ಲರ ವಶದಲ್ಲಿದ್ದ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಹಸಿವು, ರೋಗಗಳಿಂದ ಕಂಗೆಟ್ಟ ಕರ್ನಲ್ ಕ್ಯಾಂಬೆಲ್ಲನು 1784ರ ಜನವರಿ 30ರಂದು ಕೋಟೆಯನ್ನು ಒಪ್ಪಿಸಿದನು. ಒಪ್ಪಂದದಂತೆ ಅವನ ಸೈನ್ಯವು ಗೌರವದೊಡನೆ ಹೊರಬಿದ್ದಿತು. ಆದರೆ ಊರಿನ ಪ್ರಜೆಗಳಿಗೆ ಅಂತಹ ರಕ್ಷೆ ಇರಲಿಲ್ಲ. ಮರುತಿಂಗಳೇ, ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕ್ರೈಸ್ತರು ಬಂಧಿತರಾಗಿ ಘಟ್ಟವನ್ನು ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ಅವರ ಸಂಖ್ಯೆಯ ವಿಷಯದಲ್ಲಿ ಆಕರಗಳು ಏಕಾಭಿಪ್ರಾಯಕ್ಕೆ ಬರುವುದಿಲ್ಲ. ಬದುಕುಳಿದವರಿಗೆ ಬಿಡುಗಡೆಯಾದುದು ಟಿಪ್ಪುವು ಮಡಿದ 1799ರಲ್ಲಿ. ಫರಂಗಿಪೇಟೆಯ ಮೊಂತೆ ಮರಿಯಾನೊ ಮಠದ ಪಾದ್ರಿ ಮಿರಾಂದರ ಹೆಸರನ್ನು ಚರಿತ್ರೆಯು ಉಳಿಸಿಕೊಂಡಿದೆ. ಘಟ್ಟ ಹತ್ತಿದ ಬಹುಮಂದಿಯ ಹೆಸರನ್ನು ಉಳಿಸಿಕೊಂಡಿಲ್ಲ.

ಇಬ್ಬರು ಅರಸರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಇಂಗಿತವಲ್ಲ. ದೇಶಕಾಲಗಳೂ ಕಾರಣಗಳೂ ಬೇರೆ. ನಮಗೆ ಮುಖ್ಯವಾದುದು ಅಧ್ಯಯನದ ಕ್ರಮ. ಯುದ್ಧವನ್ನು ಕುರಿತ ಯಾವ ಕೃತಿಯನ್ನು ಕೈಗೆತ್ತಿಕೊಂಡರೂ ಗೆದ್ದವರಾರು ಎಂದು ತಿಳಿದ ಮೇಲೆ, ಊರು ಬಿಟ್ಟವರಾರು, ಅವರ ಮಾತು ಎಲ್ಲಿ ದಾಖಲಾಗಿದೆ ಎಂದು ವಿದ್ಯಾರ್ಥಿಯು ಕೇಳಬೇಕು. ಗಿರೀಶ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ನಾಟಕವನ್ನೂ ಇದೇ ಪ್ರಶ್ನೆಯೊಡನೆ ಓದಬಹುದು. ವಿಲಿಯಮ್ಸನು ಕೇಳಿದ ಲೆಕ್ಕವನ್ನು ಅರಸರು ಒಪ್ಪಿಸಲಿಲ್ಲ. ಅದನ್ನು ಹುಡುಕಿ ಬರೆಯುವ ಹೊಣೆ ಚರಿತ್ರೆಯನ್ನು ಓದುವವರ ಮೇಲೆ ಬಿದ್ದಿದೆ.