ದೆಹಲಿಯ ಸಮ-ಬೆಸ ನಿಯಮದಿಂದ ಹೊಗೆ ಕಡಿಮೆಯಾಯಿತೇ? ಸಂಶೋಧಕರು ಲೆಕ್ಕ ಹಾಕಿದ್ದು ಹೀಗೆ

ನವದೆಹಲಿ: ಚಳಿಗಾಲದಲ್ಲಿ ದೆಹಲಿಯ ಗಾಳಿ ಕೆಟ್ಟಾಗಲೆಲ್ಲ ಸಮ-ಬೆಸ ನಿಯಮದ ಮಾತು ಮತ್ತೆ ಕೇಳಿಬರುತ್ತದೆ. 2023ರ ನವೆಂಬರ್‌ನಲ್ಲಿ ದೆಹಲಿ ಸರ್ಕಾರ ಇದನ್ನು ಪುನಃ ಘೋಷಿಸಿದಾಗ, ಇದು ಬರೀ ತೋರಿಕೆಯ ಕ್ರಮ ಎಂಬರ್ಥದಲ್ಲಿ ಸುಪ್ರೀಂ ಕೋರ್ಟ್ ಚಾಟಿ ಬೀಸಿತ್ತು. ಕೊನೆಗೆ ಮಳೆ ಬಂದು ಗಾಳಿ ಸುಧಾರಿಸಿತು, ಯೋಜನೆ ಮುಂದಕ್ಕೆ ಹೋಯಿತು. ಆದರೆ ಪ್ರಶ್ನೆ ಹಾಗೇ ಉಳಿಯಿತು. ನಿಯಮದಿಂದ ನಿಜಕ್ಕೂ ಲಾಭವಿದೆಯೇ?

ಮೊದಲ ಬಾರಿ ಇದು ಜಾರಿಯಾದದ್ದು 2016ರ ಜನವರಿ 1ರಿಂದ 15ರವರೆಗೆ. ಭಾನುವಾರ ಬಿಟ್ಟು ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ನಂಬರ್ ಪ್ಲೇಟ್‌ನ ಕೊನೆಯ ಅಂಕಿಗೆ ತಕ್ಕಂತೆ ದಿನ ಬಿಟ್ಟು ದಿನ ಕಾರು. ತಪ್ಪಿದರೆ 2,000 ರೂಪಾಯಿ ದಂಡ. ದ್ವಿಚಕ್ರ ವಾಹನ, ಸಿಎನ್‌ಜಿ ಕಾರು ಮತ್ತು ಮಹಿಳಾ ಚಾಲಕರಿಗೆ ವಿನಾಯಿತಿ ಇತ್ತು.

ಮೊದಲು-ನಂತರದ ಲೆಕ್ಕ ಸಾಲದು

ಡಿಸೆಂಬರ್‌ನ ಗಾಳಿಯನ್ನು ಜನವರಿಯ ಗಾಳಿಯೊಂದಿಗೆ ಹೋಲಿಸಿದರೆ ಸಾಲದೇ? ಸಾಲದು. ಗಾಳಿ ನಿಂತರೆ, ಮಂಜು ಕವಿದರೆ, ರಸ್ತೆಯಲ್ಲಿ ಕಾರು ಕಡಿಮೆಯಿದ್ದರೂ ಮಾಲಿನ್ಯ ಏರಬಹುದು. ಹೊಸ ಔಷಧವಾದರೆ ಚೀಟಿ ಎತ್ತಿ ಅರ್ಧ ರೋಗಿಗಳಿಗೆ ಕೊಟ್ಟು ಪರೀಕ್ಷಿಸಬಹುದು. ಇಡೀ ನಗರವನ್ನು ಹಾಗೆ ಮಾಡಲಾಗದು. ನಡೆದದ್ದನ್ನು ನೋಡಿಯೇ ಪರಿಣಾಮ ಅಳೆಯಬೇಕು.

ಇಲ್ಲಿ ಸಂಶೋಧಕರು ಅಕ್ಕಪಕ್ಕದ ಊರುಗಳ ಮೊರೆ ಹೋಗುತ್ತಾರೆ. ಹವಾಮಾನ ಹೆಚ್ಚುಕಡಿಮೆ ಒಂದೇ, ನಿಯಮ ಮಾತ್ರ ಇಲ್ಲ. ವಿವರಣೆಗಷ್ಟೇ ಒಂದು ಕಾಲ್ಪನಿಕ ಲೆಕ್ಕ: ದೆಹಲಿಯ ಪಿಎಂ 2.5 ಪ್ರಮಾಣ 200ರಿಂದ 230ಕ್ಕೆ ಏರಿತು ಎಂದುಕೊಳ್ಳಿ. ನಿಯಮ ಸೋತಿತು ಅನಿಸುತ್ತದೆ. ಆದರೆ ಅದೇ ದಿನಗಳಲ್ಲಿ ಪಕ್ಕದ ಊರಲ್ಲಿ 200ರಿಂದ 260ಕ್ಕೆ ಏರಿದ್ದರೆ? ನಿಯಮ ಇಲ್ಲದಿದ್ದರೆ ದೆಹಲಿಯೂ 260 ಮುಟ್ಟುತ್ತಿತ್ತು, ಅಂದರೆ 30ರಷ್ಟು ಉಳಿತಾಯ. ಈ ವಿಧಾನಕ್ಕೆ ‘ಡಿಫರೆನ್ಸ್ ಇನ್ ಡಿಫರೆನ್ಸಸ್’, ಅಂದರೆ ವ್ಯತ್ಯಾಸಗಳ ನಡುವಿನ ವ್ಯತ್ಯಾಸ ಎಂದು ಹೆಸರು.

ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ಸಂತೋಷ್ ಹರೀಶ್ ಮತ್ತು ಅನಂತ್ ಸುದರ್ಶನ್ ಹೀಗೆಯೇ ಲೆಕ್ಕ ಹಾಕಿದರು. ಜನವರಿಯಲ್ಲಿ ನಿಯಮ ಜಾರಿಯಲ್ಲಿದ್ದ ಗಂಟೆಗಳಲ್ಲಿ ಪಿಎಂ 2.5 ಶೇ 14ರಿಂದ 16ರಷ್ಟು ಕಡಿಮೆಯಾಗಿತ್ತು. ಅದೇ ವರ್ಷ ಏಪ್ರಿಲ್ 15ರಿಂದ 30ರವರೆಗೆ ಎರಡನೇ ಸುತ್ತು ನಡೆದಾಗ? ಪರಿಣಾಮವೇ ಕಾಣಲಿಲ್ಲ! ಚಳಿಗಾಲದಲ್ಲಿ ಹೊಗೆ ನೆಲಮಟ್ಟದಲ್ಲೇ ಸಿಕ್ಕಿಬೀಳುತ್ತದೆ, ಬೇಸಿಗೆಯಲ್ಲಿ ಬೇಗ ಮೇಲೇರಿ ಚದುರುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ಲೆಕ್ಕದಲ್ಲೂ ತೊಡಕು

ನಿಯಮ ಬಾರದಿದ್ದರೆ ಎರಡೂ ಕಡೆ ಒಂದೇ ರೀತಿ ಏರಿಳಿತ ಆಗುತ್ತಿತ್ತು ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಅದು ಯಾವಾಗಲೂ ನಿಜವಲ್ಲ. ಗುರುಗ್ರಾಮ, ಫರಿದಾಬಾದ್, ನೋಯ್ಡಾದಿಂದ ದೆಹಲಿಗೆ ಬರುವವರೂ ಕಾರು ಮನೆಯಲ್ಲೇ ಬಿಟ್ಟರೆ ಆ ಊರುಗಳ ಗಾಳಿಯೂ ಸ್ವಲ್ಪ ತಿಳಿಯಾಗುತ್ತದೆ, ಆಗ ದೆಹಲಿಯ ಲಾಭ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಇನ್ನೊಂದು ತೊಡಕು ಉಲ್ಟಾ ಕೆಲಸ ಮಾಡಬಹುದು. ಜನವರಿಯ ಆ 15 ದಿನ ದೆಹಲಿಯಲ್ಲಿ ಶಾಲೆಗಳಿಗೂ ರಜೆ ಕೊಟ್ಟು, ಶಾಲಾ ಬಸ್‌ಗಳನ್ನು ಪ್ರಯಾಣಿಕರಿಗಾಗಿ ಓಡಿಸಲಾಗಿತ್ತು. ಹಾಗಾದರೆ ಇಳಿಕೆಯಲ್ಲಿ ನಂಬರ್ ಪ್ಲೇಟ್‌ನ ಪಾಲೆಷ್ಟು, ರಜೆಯ ಪಾಲೆಷ್ಟು? ಇದನ್ನು ಬಿಡಿಸುವುದು ಸುಲಭವಲ್ಲ.

ಹದಿನೈದು ದಿನಕ್ಕೆ ಬಂದ ಉತ್ತರ ವರ್ಷಪೂರ್ತಿಗೂ ಹೊಂದುತ್ತದೆ ಎನ್ನಲೂ ಆಗದು. ಮೆಕ್ಸಿಕೊ ಸಿಟಿಯಲ್ಲಿ 1989ರಿಂದ ಇಂಥದ್ದೇ ನಿಯಮವಿದೆ. ಅದರಿಂದ ಗಾಳಿ ಸುಧಾರಿಸಿದ ಪುರಾವೆ ಸಿಗಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಲ್ಯೂಕಸ್ ಡೇವಿಸ್ 2008ರಲ್ಲಿ ವರದಿ ಮಾಡಿದರು. ಅಲ್ಲಿನ ಜನ ಮನೆಗೆ ಇನ್ನೊಂದು ಕಾರು ತಂದಿದ್ದರು, ಅದರಲ್ಲೂ ಹಳೆಯ ಕಾರುಗಳೇ ಹೆಚ್ಚು.