ದುಂಡನ್ನು ಅಳೆಯುವ ಬೆಳಕು

ಜರ್ಮನಿಯ ರಾಷ್ಟ್ರೀಯ ಅಳತೆ ಸಂಸ್ಥೆ ಪಿಟಿಬಿ ಇರುವುದು ಬ್ರೌನ್‌ಶ್ವೈಗ್ ನಗರದಲ್ಲಿ. ಅಲ್ಲಿನ ಒಂದು ಉಪಕರಣದ ನಡುವೆ ಸಿಲಿಕಾನ್-28ರ ಗೋಳ ಕೂರುತ್ತದೆ. ತೂಕ ಒಂದು ಕಿಲೋಗ್ರಾಂ, ವ್ಯಾಸ ಸುಮಾರು 93.7 ಮಿಲಿಮೀಟರ್. ಆ ವ್ಯಾಸವನ್ನು ಒಂದು ನ್ಯಾನೋಮೀಟರಿನಷ್ಟೂ ಅನುಮಾನ ಉಳಿಯದಂತೆ ಹೇಳಬೇಕು. ಲೋಹದ ಮೊನೆ ಮುಟ್ಟಿಸಿದರೆ ಗೀರು ಬಿದ್ದೀತು. ಹಾಗಾಗಿ ಇಲ್ಲಿ ಅಳತೆಗೋಲು ಬೆಳಕೇ.

ತತ್ವ ಹಳೆಯದು, ಫ್ರಾನ್ಸಿನ ಭೌತವಿಜ್ಞಾನಿ ಫಿಜೋ 19ನೇ ಶತಮಾನದಲ್ಲಿ ಹಾಕಿಕೊಟ್ಟ ದಾರಿ. ಆಧಾರದ ಗಾಜಿನಿಂದ ಮರಳಿದ ಬೆಳಕು, ಪರೀಕ್ಷೆಗೆ ಕೂತ ಮೇಲ್ಮೈಯಿಂದ ಮರಳಿದ ಬೆಳಕು, ಎರಡೂ ಕೂಡಿದಲ್ಲಿ ಕಪ್ಪು-ಬೆಳಕಿನ ಪಟ್ಟೆಗಳು ಮೂಡುತ್ತವೆ. 633 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರಾದರೆ, ನಡುವಿನ ಸಂದು ಸುಮಾರು 316 ನ್ಯಾನೋಮೀಟರ್ ಬದಲಾದಾಗ ಒಂದು ಪಟ್ಟೆ ಸರಿಯುತ್ತದೆ. ಗೋಳದ ವಿಷಯದಲ್ಲಿ ಬೆಳಕು ಅದರ ಕೇಂದ್ರದತ್ತಲೇ ಕೂಡುತ್ತ ಬರಬೇಕು. ಆಗ ಅದು ಎಲ್ಲೆಡೆ ನೆಟ್ಟಗೆ ತಾಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಆದರೆ ಆಧಾರದ ಗಾಜೇ ಸೊಟ್ಟಗಿದ್ದರೆ? ಇಡೀ ವಿದ್ಯೆಯ ಕಠಿಣ ಪ್ರಶ್ನೆ ಇದು. ಬ್ರೌನ್‌ಶ್ವೈಗ್‌ನವರು ಕೊಟ್ಟ ಉತ್ತರ ನನಗೆ ತುಂಬ ಹಿಡಿಸಿದ್ದು. ಎದುರುಬದುರಾಗಿ ಎರಡು ಆಧಾರ ಮೇಲ್ಮೈಗಳು. ಗೋಳವಿಲ್ಲದೆ ಅವುಗಳ ನಡುವಿನ ದೂರ ಅಳೆಯುತ್ತಾರೆ. ಗೋಳವಿಟ್ಟು ಎರಡೂ ಬದಿಯ ಸಂದುಗಳನ್ನು ಅಳೆಯುತ್ತಾರೆ. ಕಳೆದರೆ ಉಳಿಯುವುದು ವ್ಯಾಸ. ಆಮೇಲೆ ಗೋಳವನ್ನು ಮತ್ತೆ ಮತ್ತೆ ಹೊರಳಿಸಿ ಅಳೆಯುತ್ತಾರೆ. ಗೋಳದೊಂದಿಗೆ ಹೊರಳುವ ಉಬ್ಬುತಗ್ಗು ಗೋಳದ್ದು, ಇದ್ದಲ್ಲೇ ನಿಂತದ್ದು ಗಾಜಿನದು. ಅಳೆಯುವ ಸಾಧನವೂ ತನ್ನ ದೋಷ ಒಪ್ಪಿಸಲೇಬೇಕು.

ಉಷ್ಣತೆಯದು ಇನ್ನೊಂದು ಕಾಟ. ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು ಏರಿದರೂ ಈ ಗೋಳ ಸುಮಾರು 0.24 ನ್ಯಾನೋಮೀಟರ್ ಹಿಗ್ಗುತ್ತದೆ. ಆದ್ದರಿಂದಲೇ ಅಳತೆಯೆಲ್ಲ ನಿರ್ವಾತದಲ್ಲಿ, 20 ಡಿಗ್ರಿ ಸೆಲ್ಸಿಯಸ್ ಸುತ್ತ, ಉಷ್ಣತೆಯ ಮೇಲೆ ಬಿಗಿ ಕಣ್ಣಿಟ್ಟು.

ಗೋಳದ ಗಾತ್ರ ಗೊತ್ತಾದರೆ, ಸಿಲಿಕಾನ್ ಹರಳಿನಲ್ಲಿ ಪರಮಾಣುಗಳ ಸಾಲುಗಳ ನಡುವೆ ಎಕ್ಸ್-ಕಿರಣಗಳಿಂದ ಅಳೆದ ಅಂತರ ಸೇರಿಸಿ ಪರಮಾಣುಗಳನ್ನು ಎಣಿಸಬಹುದು. 2019ರ ಮೇ 20ರಂದು ಕಿಲೋಗ್ರಾಂ ಪ್ಲಾಟಿನಂ-ಇರಿಡಿಯಂ ಸಿಲಿಂಡರಿನ ಹಂಗು ತೊರೆದದ್ದರ ಹಿಂದೆ ಈ ಎಣಿಕೆಯ ಪಾಲೂ ಇದೆ.

ಇಷ್ಟೆಲ್ಲ ಯಂತ್ರಗಳ ನಡುವೆ ಒಬ್ಬ ಕುಶಲಕರ್ಮಿಯ ಹೆಸರು ಹೇಳದಿದ್ದರೆ ಅನ್ಯಾಯ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಪ್ರಯೋಗಾಲಯದಲ್ಲಿ ಇಂಥ ಗೋಳಗಳಿಗೆ ಹೊಳಪು ಕೊಟ್ಟವರು ಅಕಿಮ್ ಲೈಸ್ಟ್ನರ್. ಸಿಲಿಕಾನ್ ಹರಳು ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಸವೆಯುವುದಿಲ್ಲ. ಅದನ್ನು ಅರಿತು, ಉಜ್ಜಿ, ಅಳೆದು, ಮತ್ತೆ ಉಜ್ಜುವ ತಾಳ್ಮೆ ಅವರದು. ಗೋಳ ಮಾಡುವ ಆ ವಿದ್ಯೆಯನ್ನು ಈಗ ಪಿಟಿಬಿಯೂ ಕರಗತ ಮಾಡಿಕೊಂಡಿದೆ.