ಹೆದ್ದಾರಿ ಬದಿಯ ತಕ್ಕಡಿ

ಅಮೆರಿಕದ ಅಂತರರಾಜ್ಯ ಹೆದ್ದಾರಿಯಲ್ಲಿ ಓಡುವ ಟ್ರಕ್ಕು ಸರಕು ಸೇರಿ 80,000 ಪೌಂಡ್, ಅಂದರೆ ಸುಮಾರು 36 ಟನ್ ಮೀರುವಂತಿಲ್ಲ. ಒಂಟಿ ಆಕ್ಸಲ್ ಮೇಲೆ 20,000 ಪೌಂಡ್, ಜೋಡಿ ಆಕ್ಸಲ್ ಮೇಲೆ 34,000 ಪೌಂಡ್ ಮಿತಿ. 1956ರ ಕಾನೂನು ಒಟ್ಟು ತೂಕಕ್ಕೆ 73,280 ಪೌಂಡ್ ನಿಗದಿ ಮಾಡಿತ್ತು. ತೈಲ ಬಿಕ್ಕಟ್ಟಿನಿಂದ ವೇಗಮಿತಿ ಇಳಿದು ಸಾಗಣೆ ನಿಧಾನವಾದಾಗ, 1974ರ ತಿದ್ದುಪಡಿ ಅದನ್ನು ಈಗಿನ ಮಟ್ಟಕ್ಕೆ ಏರಿಸಿತು. ಈ ಮಿತಿಗಳನ್ನು ಕಾಯಲು ಹೆದ್ದಾರಿಗಳ ಬದಿಯಲ್ಲಿ ರಾಜ್ಯ ಸರ್ಕಾರಗಳು ತೂಕದ ಠಾಣೆಗಳನ್ನು ನಡೆಸುತ್ತವೆ.

ಒಟ್ಟು ತೂಕ ಸರಿಯಿದ್ದರೆ ಸಾಲದೇ, ಆಕ್ಸಲ್ ಲೆಕ್ಕ ಬೇರೆ ಏಕೆ? 1958ರಿಂದ 1960ರವರೆಗೆ ಇಲಿನಾಯ್ ರಾಜ್ಯದ ಒಟ್ಟಾವ ಬಳಿ ಪರೀಕ್ಷೆಗೆಂದೇ ರಸ್ತೆ ಹಾಕಿ, ಅದರ ಮೇಲೆ ಟ್ರಕ್ಕುಗಳನ್ನು ಎಡೆಬಿಡದೆ ಓಡಿಸಿ ನೋಡಿದರು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಹೆಚ್ಚುಕಡಿಮೆ ಹದಿನಾರು ಪಟ್ಟಾಗುತ್ತದೆ ಎಂಬ ಲೆಕ್ಕ ಅಲ್ಲಿಂದ ಬಂತು. ಸೇತುವೆಯ ಚಿಂತೆ ಇನ್ನೊಂದು ಬಗೆಯದು. ಮಲೆನಾಡಿನ ಸಂಕದ ಮೇಲೆ ಹತ್ತು ಜನ ಅಂತರ ಬಿಟ್ಟು ದಾಟುವುದಕ್ಕೂ ನಟ್ಟನಡುವೆ ಒತ್ತೊತ್ತಾಗಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಆದ್ದರಿಂದ ಆಕ್ಸಲ್‌ಗಳ ಸಂಖ್ಯೆ, ಅವುಗಳ ನಡುವಿನ ದೂರ ಎರಡನ್ನೂ ಸೇರಿಸಿ ಅನುಮತಿಯ ತೂಕ ಹೇಳುವ ಸೇತುವೆ ಸೂತ್ರ ಕಾನೂನಿನಲ್ಲಿದೆ. ಉದ್ದನೆಯ ಟ್ರಕ್ಕಿಗೆ ಹೆಚ್ಚು ಭಾರ ಒಯ್ಯಲು ಬಿಡುವುದರ ಗುಟ್ಟು ಇದೇ.

ಯಾವ ವಾಹನ ಠಾಣೆಗೆ ಬರಲೇಬೇಕು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. 10,000 ಪೌಂಡ್ ದಾಟಿದ ಎಲ್ಲ ವಾಣಿಜ್ಯ ವಾಹನಗಳೂ ಬರಬೇಕೆನ್ನುವ ರಾಜ್ಯಗಳು ಹಲವು. ‘ತೆರೆದಿದೆ’ ಎಂಬ ಫಲಕ ಬೆಳಗುತ್ತಿದ್ದರೆ ಅಂಥ ಟ್ರಕ್ಕು ಒಳಗೆ ತಿರುಗಲೇಬೇಕು. ತೂಕ ಹೆಚ್ಚಿದ್ದರೆ ದಂಡ. ಸರಕು ಇಳಿಸುವವರೆಗೆ ಅಥವಾ ಹೊಂದಿಸುವವರೆಗೆ ಗಾಡಿಯನ್ನು ತಡೆದು ನಿಲ್ಲಿಸಲೂಬಹುದು. ಎಷ್ಟೋ ಸಲ ಒಟ್ಟು ತೂಕ ಮಿತಿಯೊಳಗೇ ಇದ್ದು, ಒಂದು ಜೋಡಿ ಆಕ್ಸಲ್ ಮೇಲೆ ಮಾತ್ರ ಮಿತಿ ಮೀರಿದ ಭಾರ ಕೂತಿರುತ್ತದೆ. ಆಗ ಟ್ರೇಲರ್‌ನ ಹಿಂದಿನ ಚಕ್ರಗಳ ಜೋಡಣೆಯನ್ನು ಹಳಿಯ ಮೇಲೆ ಹಿಂದೆ ಮುಂದೆ ಸರಿಸಿದರೆ ಭಾರ ಹಂಚಿಹೋಗುತ್ತದೆ. ಅನುಭವಿ ಚಾಲಕರು ಲೋಡ್ ತುಂಬಿಸಿಕೊಂಡ ಕೂಡಲೇ ಟ್ರಕ್ ನಿಲ್ದಾಣದ ಖಾಸಗಿ ತಕ್ಕಡಿಯಲ್ಲಿ ಹಣ ಕೊಟ್ಟು ತೂಗಿಸಿಕೊಳ್ಳುವುದು ಇದಕ್ಕೇ.

ಠಾಣೆಯ ಕೆಲಸ ತೂಕಕ್ಕೇ ಮುಗಿಯುವುದಿಲ್ಲ. ಬ್ರೇಕು, ಟೈರು, ದೀಪ, ಸರಕಿನ ಕಟ್ಟು, ಚಾಲಕನ ಪರವಾನಗಿ ಎಲ್ಲವನ್ನೂ ತಪಾಸಣೆಗೆ ತೆಗೆದುಕೊಳ್ಳಬಹುದು. ಮೊದಲ ದರ್ಜೆಯ ತಪಾಸಣೆಯಲ್ಲಿ ದೋಷವಿಲ್ಲದೆ ಹೊರಬಂದ ವಾಹನಕ್ಕೆ ಗರಿಷ್ಠ ಮೂರು ತಿಂಗಳು ನಡೆಯುವ ಚೀಟಿ ಅಂಟಿಸುತ್ತಾರೆ. ಕೆಲಸದ ಗಂಟೆಗಳ ದಾಖಲೆಯನ್ನೂ ನೋಡುತ್ತಾರೆ: ಹತ್ತು ಗಂಟೆ ವಿಶ್ರಾಂತಿಯ ಬಳಿಕ ಹದಿನಾಲ್ಕು ಗಂಟೆಗಳ ಅವಧಿಯೊಳಗೆ ಹನ್ನೊಂದು ಗಂಟೆ ಮಾತ್ರ ಓಡಿಸಬಹುದು. ಠಾಣೆಯ ಸರದಿಯಲ್ಲಿ ನಿಂತರೂ ಆ ಹದಿನಾಲ್ಕು ಗಂಟೆಯ ಗಡಿಯಾರ ನಿಲ್ಲುವುದಿಲ್ಲ. ದೂರದ ಸಾಗಣೆಯ ಅನೇಕ ಚಾಲಕರಿಗೆ ಸಂಬಳ ಮೈಲಿ ಲೆಕ್ಕದಲ್ಲಿ. ನಿಂತ ಹೊತ್ತಿಗೆ ಕಾಸಿಲ್ಲ. ನಿಯಮ ಪಾಲಿಸಿದವನೂ ಹೀಗೆ ದುಡಿಮೆಯ ಹೊತ್ತು ಕಳೆದುಕೊಳ್ಳುವುದು ನ್ಯಾಯವಲ್ಲ.

ಈ ಕಷ್ಟಕ್ಕೆ ಸಿಕ್ಕ ಪರಿಹಾರವೇ ಬೈಪಾಸ್ ವ್ಯವಸ್ಥೆ. ಪ್ರೀಪಾಸ್, ಡ್ರೈವ್‌ವೈಜ್ ಇದರಲ್ಲಿ ಹೆಸರಾದವು. ಗಾಜಿಗೆ ಅಂಟಿಸಿದ ಟ್ರಾನ್ಸ್‌ಪಾಂಡರ್ ಅಥವಾ ಕ್ಯಾಬಿನ್ನಿನಲ್ಲಿರುವ ಮೊಬೈಲ್ ಆ್ಯಪ್ ಠಾಣೆಗೆ ಮುಂಚೆಯೇ ಟ್ರಕ್ಕಿನ ಗುರುತು ತಿಳಿಸುತ್ತದೆ. ಕಂಪನಿಯ ಸುರಕ್ಷತಾ ಅಂಕ, ನೋಂದಣಿ, ಪರವಾನಗಿಗಳನ್ನು ಕಂಪ್ಯೂಟರ್ ಕ್ಷಣದಲ್ಲಿ ತಾಳೆ ನೋಡುತ್ತದೆ. ಕೆಲವೆಡೆ ರಸ್ತೆಯೊಳಗೆ ಹುದುಗಿಸಿದ ಸಂವೇದಕಗಳು ಓಡುತ್ತಿರುವ ಗಾಡಿಯನ್ನೇ ತೂಗುತ್ತವೆ. ಹಸಿರು ಸೂಚನೆ ಬಂದರೆ ವೇಗ ತಗ್ಗಿಸದೆ ಮುಂದೆ ಸಾಗಬಹುದು. ಕೆಂಪು ಬಂದರೆ ಒಳಗೆ ಹೋಗಬೇಕು. ಸುರಕ್ಷತಾ ಅಂಕ 1ರಿಂದ 100ರವರೆಗೆ. 49ರವರೆಗಿನ ಕಂಪನಿಗಳನ್ನು ಬಿಟ್ಟುಬಿಡಲು ಶಿಫಾರಸು, 75 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಪಾಸಣೆಗೆ ಶಿಫಾರಸು. ಒಬ್ಬ ಚಾಲಕನ ಸವೆದ ಬ್ರೇಕು ಅದೇ ಕಂಪನಿಯ ಉಳಿದವರ ಹಸಿರನ್ನೂ ಕಡಿಮೆ ಮಾಡಬಲ್ಲದು. ಅಂಕ ಚೆನ್ನಾಗಿದ್ದವರನ್ನೂ ಆಗಾಗ ಯಾದೃಚ್ಛಿಕವಾಗಿ ಒಳಗೆ ಕರೆಯುತ್ತಾರೆ.

ಹಳ್ಳಿ ರಸ್ತೆ ಹಿಡಿದು ಠಾಣೆ ತಪ್ಪಿಸುವುದು ಬೈಪಾಸ್ ಅಲ್ಲ. ಹಲವು ರಾಜ್ಯಗಳಲ್ಲಿ ಅದೇ ಒಂದು ಅಪರಾಧ. ಅಡ್ಡದಾರಿಗಳಲ್ಲಿ ಗಸ್ತು ಪೊಲೀಸರು ಚಕ್ರದ ಕೆಳಗಿಟ್ಟು ತೂಗುವ ಸಣ್ಣ ತಕ್ಕಡಿಗಳೊಂದಿಗೆ ಓಡಾಡುತ್ತಾರೆ. ಅನುಮಾನ ಬಂದರೆ ಅಲ್ಲಿಯೇ ತೂಗುತ್ತಾರೆ, ಇಲ್ಲವೇ ಹತ್ತಿರದ ಠಾಣೆಗೆ ಕರೆದೊಯ್ಯುತ್ತಾರೆ.